ಮರಗಸಿ ಮಿಷನ್ನು

ಮಲೆನಾಡಿನ ಕಾಫಿ ತೋಟದಲ್ಲಿ ಮರಗಸಿ, ಅಂದರೆ ನೆರಳುಮರಗಳ ಕೊಂಬೆ ಸವರುವ ಕಾಲ ಬಂತೆಂದರೆ ಮಾಲೀಕರಿಗೆ ಚೈನ್‌ಸಾ ಮಿಷನ್ ಜ್ವರ. ಅಂಗಡಿಯಲ್ಲಿ ಕಣ್ಣು ಬೀಳುವುದು 22 ಇಂಚಿನ ಬಾರಿನ ಮೇಲೇ. ಕಡಿಯಬೇಕಾದದ್ದೋ, ಮಣಿಕಟ್ಟಿನ ಗಾತ್ರದ ಹಾಲುವಾಣದ ಕೊಂಬೆ! ಅದಕ್ಕೆ ಕತ್ತಿಯೇ ಸಾಕಿತ್ತು.

ಮನೆಗೆ ಬಂದ ಮಿಷನ್ನಿಗೆ ಬೀಗರ ಉಪಚಾರ. ಸಾಮಾನ್ಯವಾಗಿ ಲೀಟರ್ ಪೆಟ್ರೋಲಿಗೆ 20 ಮಿಲಿ ಟು-ಸ್ಟ್ರೋಕ್ ಆಯಿಲ್ ಬೆರೆಸಿ ಕುಡಿಸಬೇಕು. ಚೈನಿಗೆ ಬೇರೆಯದೇ ಎಣ್ಣೆ. ಇದನ್ನೆಲ್ಲ ಮಾಡುತ್ತಾರೆ, ಹಲ್ಲಿಗೆ ದುಂಡು ಅರ ಹಾಕಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಹರಿತವಾದ ಚೈನು ಚಕ್ಕೆ ಉದುರಿಸುತ್ತದೆ, ಮೊಂಡಾದದ್ದು ಹಿಟ್ಟು. ಹಿಟ್ಟು ಬಿದ್ದೊಡನೆ ‘ಮರವೇ ಗಟ್ಟಿ ಕಣ್ರೀ’ ಎಂದು ಮರದ ಮೇಲೇ ಗೂಬೆ ಕೂರಿಸುತ್ತಾರೆ. (ಗೂಬೆಗೂ ಜಾಗ ಬೇಕಲ್ಲ!)

ತೋಟದ ಕೆಲಸಕ್ಕೆ 16 ಇಂಚಿನದ್ದು ಧಾರಾಳ. ಉಳಿದ ದುಡ್ಡಿಗೆ ಹೆಲ್ಮೆಟ್ಟು, ಅರ ಎರಡನ್ನೂ ಕೊಳ್ಳಿ ಸ್ವಾಮಿ.