ಶೇಡ್ ಕಾರ್ಡಿನ ಪಂಚಾಯ್ತಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಯಾರ ಮನೆಗಾದರೂ ಹೋಗಿ ನೇರ ಅಡುಗೆಮನೆಗೆ ನುಗ್ಗಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಈಗ ಅದನ್ನು ತೋರಿಸಲಿಕ್ಕೆಂದೇ ಕಟ್ಟಿಸುತ್ತಾರೆ. ಗೋಡೆ ನೋಡಿದರೆ ಸಾಕು, ಬಣ್ಣ ಹೊಡೆಸಿದ ವರ್ಷ ಕೊಬ್ಬರಿ ಯಾವ ರೇಟಿಗೆ ಹೋಗಿತ್ತು ಎಂದು ಹೇಳಿಬಿಡಬಹುದು. 2023ರ ಗೋಡೆಯಾದರೆ ಡಿಸ್ಟೆಂಪರ್, ಅದೂ ಒಂದೇ ಕೋಟು. ಉಂಡೆ ಕೊಬ್ಬರಿಗೆ 11,750 ರೂಪಾಯಿ ಬೆಂಬಲ ಬೆಲೆ ಎಂದು ಕಾಗದದಲ್ಲಿ ಬರೆದಿದ್ದರೂ ಮಾರುಕಟ್ಟೆ 8 ಸಾವಿರದ ಆಸುಪಾಸಿಗೆ ಕುಸಿದಿದ್ದ ವರ್ಷ ಅದು. 2025ರ ಗೋಡೆಯಾದರೆ ಎರಡು ಕೈ ಪುಟ್ಟಿ, ಪ್ರೈಮರ್, ಅದರ ಮೇಲೆ ಮುಖ ಕಾಣುವಷ್ಟು ಹೊಳೆಯುವ ಎಮಲ್ಷನ್. ಕ್ವಿಂಟಲಿಗೆ 20 ಸಾವಿರ ದಾಟಿದ್ದಕ್ಕೆ ಗೋಡೆಯೇ ರಸೀದಿ.

ರೇಟು ಬಂದಾಗ ಅಟ್ಟದಲ್ಲಿ ಕಾಯಿ ಎಷ್ಟಿತ್ತು ಎಂಬುದು ಬೇರೆ ಮಾತು. ಕಪ್ಪುತಲೆ ಹುಳು ಗರಿ ಕೆರೆದಿತ್ತು. ಬಿಳಿನೊಣ ರಸ ಹೀರಿ ಸುರಿಸಿದ ಅಂಟಿನ ಮೇಲೆ ಕಪ್ಪು ಬೂಷ್ಟು ಕೂತು, ತೋಟದ ಸೋಗೆಗೆಲ್ಲ ಆಗಲೇ ಬಣ್ಣ ಬಳಿದಾಗಿತ್ತು. ಆ ಪೇಂಟರು ಕೂಲಿ ಕೇಳಲಿಲ್ಲ, ಇಳುವರಿಯಲ್ಲೇ ಮುರಿದುಕೊಂಡ.

ಇರಲಿ. ದುಡ್ಡು ಕಂಡ ಮನೆಗೆ ಮೊದಲು ಬರುವುದು ಶೇಡ್ ಕಾರ್ಡು. ಅದು ಬಂದ ದಿನ ಜಗಲಿಯ ಮೇಲೆ ಪಂಚಾಯ್ತಿ ಸೇರುತ್ತದೆ. ಯಜಮಾನರು, ಬೆಂಗಳೂರಿನಿಂದ ಬಂದ ಮಗ, ಹಬ್ಬಕ್ಕೆ ಬಂದು ಇನ್ನೂ ಹೊರಡದ ಅಳಿಯ, ಪೇಂಟ್ ಮೇಸ್ತ್ರಿ, ವಾಸ್ತು ಹೇಳುವವರು. ಈ ಐವರಲ್ಲಿ ಒಬ್ಬರಾದರೂ ಜನ್ಮದಲ್ಲಿ ಒಂದು ಮುದ್ದೆ ತೊಳಸಿದವರಲ್ಲ. ತೊಳಸುವಾಕೆ ಕಾಫಿ ಕೊಟ್ಟು, ಖಾಲಿ ಲೋಟಕ್ಕಾಗಿ ಬಾಗಿಲಲ್ಲಿ ನಿಂತಿರುತ್ತಾಳೆ.

"ಅಪ್ಪಾಜಿ, ಈಗ ಬೆಂಗಳೂರಲ್ಲಿ ಎಲ್ರೂ ಗ್ರೇ ಹೊಡುಸ್ತಾವ್ರೆ."

"ಬೂದಿ ಬಣ್ಣಕ್ಕೆ ದುಡ್ಡು ಬೇರೆ ಕೊಡಬೇಕೇನ್ಲಾ? ಒಲೆ ಒಳಗೇ ಐತಲ್ಲ."

"ಮಾವ, ನಮ್ಮಣ್ಣನ ಮನೇಲಿ ಮೂರು ಗೋಡೆಗೊಂದು, ಒಂದು ಗೋಡೆಗೊಂದು ಹೊಡ್ಸವ್ರೆ. ನೋಡಾಕೆ ಹೋಟ್ಲು ಇದ್ದಂಗೈತೆ."

ಹೋಟೆಲಿನಂತೆ ಕಾಣುವುದು ಮನೆಗೆ ಹೊಗಳಿಕೆ, ಮನೆಯಂತೆ ಎನ್ನುವುದು ಹೋಟೆಲಿಗೆ ಹೊಗಳಿಕೆ. ಕಾಲ ಹಾಗಿದೆ. ಅಷ್ಟರಲ್ಲಿ ವಾಸ್ತುವಿನವರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಆಗ್ನೇಯ ಮೂಲೆ, ಅಗ್ನಿಯ ಜಾಗ. ಕಿತ್ತಳೆಯಾಗಬಹುದು, ಹಳದಿಯಾಗಬಹುದು. ನೀಲಿ ಜಲತತ್ವ, ಬೆಂಕಿಗೂ ನೀರಿಗೂ ಆಗಿಬರುವುದಿಲ್ಲ. ಕಪ್ಪಂತೂ ಕೂಡಲೇಕೂಡದು, ಲಕ್ಷ್ಮಿ ನಿಲ್ಲುವುದಿಲ್ಲ.

ಈ ಮಾತನ್ನು ಕೊಬ್ಬರಿ ಸೀಮೆಯಲ್ಲಿ ಕೂತು ಹೇಳಲು ಎದೆಗಾರಿಕೆ ಬೇಕು. ಇಲ್ಲಿ ಲಕ್ಷ್ಮಿ ಬಂದದ್ದೇ ಕಪ್ಪು ಅಡುಗೆಮನೆಯ ಮೇಲಿನಿಂದ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ, ಎಂಟು ತಿಂಗಳೋ ಹತ್ತು ತಿಂಗಳೋ ಒಂದು ವರ್ಷವೋ ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟು ಗುಡುಗುಡು ಎನ್ನುತ್ತದೆ. ಕೆಳಗೆ ಮಟ್ಟೆ, ಕರಟ, ಎಡಮಟ್ಟೆ ಉರಿದ ಬಿಸಿಯೂ ಹೊಗೆಯೂ ಮಳೆಗಾಲದಲ್ಲಿ ಆ ಕಾಯಿಗಳನ್ನು ಥಂಡಿಯಿಂದ ಕಾಯ್ದವು. ತೊಲೆ, ಗಳ, ಗೋಡೆ ಎಲ್ಲಕ್ಕೂ ಹೊಗೆಯೇ ಕೋಟು ಹಾಕಿತು, ವಾರಂಟಿ ಮೂರು ತಲೆಮಾರು. ಆ ಕರಿಯ ತೊಲೆಯ ಮೇಲೆ ಒಣಗಿದ ಕೊಬ್ಬರಿಯನ್ನು ತಿಪಟೂರು ಮಾರುಕಟ್ಟೆಯಲ್ಲಿ ಸುರಿದೇ ಮಗನನ್ನು ಇಂಜಿನಿಯರಿಂಗ್ ಓದಿಸಿದ್ದು. ಅವನೀಗ ಗ್ರೇ ಎನ್ನುತ್ತಿದ್ದಾನೆ. ತುರುವೇಕೆರೆಯ ಗಂಗಾಧರೇಶ್ವರ ಗುಡಿಯಲ್ಲಿ ಕರಿಕಲ್ಲಿನ ಬಸವ ಶತಮಾನಗಳಿಂದ ಮಿರಮಿರ ಹೊಳೆಯುತ್ತ ಕೂತಿದ್ದಾನೆ. ಪ್ರೈಮರ್ ಇಲ್ಲ, ಎರಡನೇ ಕೋಟಿಲ್ಲ. ಅವನಿಗೆ ಕೈಮುಗಿದು ಬಂದವರೇ ಮನೆಗೆ ಬಂದು ಕಪ್ಪು ಅನಿಷ್ಟ ಎನ್ನುತ್ತಾರೆ.

ಮಾತು ಬಗೆಹರಿಯದಿದ್ದರೆ ದಸರೀಘಟ್ಟ ಹತ್ತಿರವೇ ಇದೆ. ಅಲ್ಲಿ ಚೌಡೇಶ್ವರಮ್ಮ ಕಳಶದ ತುದಿಯಿಂದ ಬರೆದು ಉತ್ತರ ಕೊಡುತ್ತಾಳೆ. ಮದುವೆ, ಕೋರ್ಟು, ಬೋರ್‌ವೆಲ್ಲು ಎಲ್ಲ ಕೇಳಿಯಾಗಿದೆ. ಅಡುಗೆಮನೆಗೆ ಪೀಚೋ ಐವರಿಯೋ ಎಂದು ಕೇಳಲು ಈವರೆಗೆ ಯಾರಿಗೂ ಧೈರ್ಯ ಬಂದಂತಿಲ್ಲ. ಅಮ್ಮ ಏನು ಬರೆದಾಳು ಎಂಬುದು ಭಕ್ತರಿಗೇ ಗೊತ್ತಿರಬೇಕು.

ಪಂಚಾಯ್ತಿಯಲ್ಲಿ ಯಾರೂ ಎತ್ತದ ಪ್ರಶ್ನೆ ಒಂದಿದೆ. 2017ರ ನವೆಂಬರಿನಿಂದ ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರುವಂತಿಲ್ಲ. ಅಗ್ಗದ ಎನಾಮೆಲ್ ಡಬ್ಬ ಕೊಳ್ಳುವಾಗ ಅದರ ಮೇಲೆ ಈ ಮಾತು ಬರೆದಿದೆಯೋ ಎಂದು ಕನ್ನಡಕ ಹಾಕಿಕೊಂಡು ನೋಡಬೇಕಾದ್ದು ನ್ಯಾಯ. ಮೊಮ್ಮಗು ಕೆರೆದು ಬಾಯಿಗಿಟ್ಟುಕೊಳ್ಳುವುದು ಆ ಗೋಡೆಯನ್ನೇ. ಆದರೆ ಕನ್ನಡಕ ಹಾಕಿಕೊಂಡವರು ದಿಕ್ಸೂಚಿ ನೋಡುತ್ತಿರುತ್ತಾರೆ.

ಕೊನೆಗೆ ಬಣ್ಣ ಅಂಗಡಿಯ ಟ್ಯೂಬ್‌ಲೈಟಿನಡಿ ತೀರ್ಮಾನವಾಗುತ್ತದೆ. ಎರಡು ಬೆರಳಗಲದ ಕಾಗದದಲ್ಲಿ ಕೆನೆಯಂತಿದ್ದದ್ದು, ತೆಂಗಿನ ತೋಟದ ಹಸಿರು ಬೆಳಕು ಕಿಟಕಿಯಿಂದ ಬೀಳುವ ಗೋಡೆಗೆ ಹತ್ತಿದ ಮೇಲೆ ಕಾಮಾಲೆಯಾಗುತ್ತದೆ. "ಒಣಗಲಿ ಸಾರ್, ಸರಿಹೋಯ್ತದೆ" ಎನ್ನುತ್ತಾನೆ ಮೇಸ್ತ್ರಿ. ಒಣಗುತ್ತದೆ. ಸರಿಹೋಗುವುದಿಲ್ಲ. ಅಷ್ಟರಲ್ಲಿ ಯಜಮಾನರ ಕಣ್ಣು ಒಗ್ಗಿಹೋಗಿರುತ್ತದೆ. ಮೇಸ್ತ್ರಿ ನಂಬಿಕೊಂಡದ್ದೂ ಅದನ್ನೇ.

1954ರಲ್ಲಿ ನಮ್ಮ ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ ಏಷ್ಯನ್ ಪೇಂಟ್ಸಿಗೆ ಗಟ್ಟು ಎಂಬ ತುಂಟ ಹುಡುಗನನ್ನು ಬರೆದುಕೊಟ್ಟರು. ಕೆದರಿದ ಕೂದಲು, ಕೈಯಲ್ಲಿ ಬ್ರಷ್ಷು, ಸೋರುವ ಡಬ್ಬ. ಅವನನ್ನು ನೋಡಿದರೆ ಬಣ್ಣವೆಂದರೆ ಮೈಮೇಲೆ ಚೆಲ್ಲಿಕೊಳ್ಳುವ ಕೆಲಸ ಎಂಬುದಾದರೂ ಗೊತ್ತಾಗುತ್ತಿತ್ತು. ಈಗಿನ ಜಾಹೀರಾತಿನ ಅಡುಗೆಮನೆಯಲ್ಲಿ ಸಿನಿಮಾ ತಾರೆ ಬಿಳಿ ಗೋಡೆಗೆ ಒರಗಿ ಸೇಬು ಕೊಯ್ಯುತ್ತಾಳೆ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿ ತೋರಿಸಲಿ, ನೋಡೋಣ.

ಏಕೆಂದರೆ ಎಮಲ್ಷನ್ನಿನ ನಿಜವಾದ ಪರೀಕ್ಷಾಧಿಕಾರಿ ಒಗ್ಗರಣೆ. ಗೃಹಪ್ರವೇಶದ ಹೂವು ಬಾಡುವ ಮೊದಲೇ ಸ್ಟೌವಿನ ಹಿಂದೆ ಎಣ್ಣೆ ಹನಿ, ಅದರ ಮೇಲೆ ಅರಿಶಿನ. ಒರೆಸಿದರೆ ಹೋಗುತ್ತದೆ ಎಂದು ಡಬ್ಬದ ಮೇಲೆ ಬರೆದಿದೆ. ಒರೆಸಿದ ಕಡೆ ಹೊಳಪೂ ಹೋಗುತ್ತದೆ ಎಂದು ಬರೆದಿಲ್ಲ. ಆಗ ಬರುತ್ತದೆ ಟಚಪ್ ಎಂಬ ಮಹಾಕಾರ್ಯ. ಉಳಿದ ಅರ್ಧ ಡಬ್ಬ ಅಟ್ಟದಲ್ಲಿ ಕೆನೆಗಟ್ಟಿ ಕೂತಿದೆ. ಶೇಡ್ ನಂಬರ್ ಬರೆದ ಚೀಟಿಯಲ್ಲಿ ಯಾರೋ ಹಾಲಿನ ಲೆಕ್ಕ ಬರೆದಿದ್ದಾರೆ. ನಂಬರ್ ಸಿಕ್ಕಿ, ಅಂಗಡಿಯ ಮಿಷನ್ನು ಅದನ್ನೇ ಕಲಸಿ ಕೊಟ್ಟರೂ ಅದು ಹೊಸದು, ಗೋಡೆ ಹಳೆಯದು. ಎಣ್ಣೆ ಹೊಗೆಗೆ ಹಳದಿ ತಿರುಗಿದ ಗೋಡೆಯ ಮೇಲೆ ಹೊಸ ತೇಪೆ ಮೂಲ ಕಲೆಗಿಂತ ಎದ್ದು ಕಾಣುತ್ತದೆ. ರೋಲರಿನಲ್ಲಿ ಹೊಡೆದ ಗೋಡೆಗೆ ಬ್ರಷ್ಷಿನ ತೇಪೆ ಬೇರೆ. "ಮೂಲೆಯಿಂದ ಮೂಲೆಗೆ ಇಡೀ ಗೋಡೆ ಹೊಡೀಬೇಕು ಸಾರ್" ಎನ್ನುತ್ತಾನೆ ಮೇಸ್ತ್ರಿ. ಇದೊಂದು ಮಾತು ಅವನು ಹೇಳುವ ಪೂರ್ಣ ಸತ್ಯ, ಅದಕ್ಕೇ ಯಾರೂ ನಂಬುವುದಿಲ್ಲ.

ಸುಣ್ಣದ ಕಾಲದಲ್ಲಿ ಈ ಪಾಡಿರಲಿಲ್ಲ. ಹಬ್ಬಕ್ಕೆ ಮುಂಚೆ ಹರವಿಯಲ್ಲಿ ಸುಣ್ಣ ಅರಳಿಸಿ, ಚಿಟಿಕೆ ನೀಲಿ ಹಾಕಿ, ಹೆಂಗಸರೇ ನಾರಿನ ಕುಂಚ ಹಿಡಿದು ಬಳಿದರೆ ಮುಗಿಯಿತು. ಗಾಳಿಯಿಂದಲೇ ಇಂಗಾಲದ ಡೈಆಕ್ಸೈಡ್ ಹೀರಿ ಅದು ಮತ್ತೆ ಕಲ್ಲಾಗುತ್ತಿತ್ತು. ಎಲ್ಲಿ ಕಲೆಯೋ ಅಲ್ಲಿಗೆ ಮುಂದಿನ ಹಬ್ಬ ಟಚಪ್. ಅದಕ್ಕೆ ಪಂಚಾಯ್ತಿ ಸೇರಿದ್ದಿಲ್ಲ, ಏಕೆಂದರೆ ಅದರಲ್ಲಿ ದುಡ್ಡಿನ ಮಾತಿರಲಿಲ್ಲ. ಬಿಲ್ಲು ಬರತೊಡಗಿದ ದಿನ ಗೋಡೆ ಗಂಡಸರದಾಯಿತು.

ಈಗ ಉಳಿದಿರುವ ಉಪಾಯ ಕ್ಯಾಲೆಂಡರು. ಕೊಬ್ಬರಿ ಮಂಡಿಯವರು ವರ್ಷಕ್ಕೊಂದು ಕೊಡುತ್ತಾರೆ, ದೇವರ ಪಟ ಮೇಲೆ, ಮಂಡಿಯ ಫೋನ್ ನಂಬರ್ ಕೆಳಗೆ. ಅರಿಶಿನದ ಕಲೆಯ ಮೇಲೆ ಸಿದ್ಧಗಂಗಾ ಶ್ರೀಗಳು, ತೇವದ ಗುರುತಿನ ಮೇಲೆ ವೆಂಕಟರಮಣ, ತೇಪೆಯ ಮೇಲೆ ಸಹಕಾರ ಸಂಘ. ಗೋಡೆ ಎಷ್ಟು ದುಬಾರಿಯೋ ಕ್ಯಾಲೆಂಡರು ಅಷ್ಟು ಹೆಚ್ಚು.

ಅಡುಗೆ? ಅದು ಹಿತ್ತಲಲ್ಲಿ, ತಗಡಿನ ಶೀಟಿನ ಕೆಳಗೆ. ಮುದ್ದೆ, ಹುರುಳಿಕಾಳು ಸಾರು, ನೀರೊಲೆ ಎಲ್ಲ ಅಲ್ಲೇ. ಒಳಗಿನದರಲ್ಲಿ ಬಂದವರಿಗೆ ಕಾಫಿ ಕಾಯಿಸುವುದು, ಅಷ್ಟೇ. "ಹೊಸ ಗೋಡೆ ಹಾಳಾಯ್ತದೆ ಕಣವ್ವ, ಆಚೆ ಮಾಡ್ಕೋ" ಎಂದು ಯಜಮಾನರ ಅಪ್ಪಣೆಯಾಗಿದೆ. ಅಲ್ಲಿ ಮೂರು ಗೋಡೆಯೂ ಕರ್ರಗೆ, ವಾಸ್ತುವಿನವರು ಆ ಕಡೆ ಹಾಯುವುದಿಲ್ಲ.

ಹೋದ ಸಲ ಒಂದು ಮನೆಯಲ್ಲಿ, ಎಲ್ಲ ತೀರ್ಮಾನವಾಗಿ ಅಡ್ವಾನ್ಸ್ ಕೊಟ್ಟ ಮೇಲೆ, ಮರ್ಯಾದೆಗೆಂದು ಬಾಗಿಲ ಕಡೆ ತಿರುಗಿ ಕೇಳಿದರಂತೆ: "ನೀನೇನಂತೀಯಮ್ಮ?"

"ಬಣ್ಣ ಯಾವುದಾದ್ರೂ ಹಚ್ಚುಸ್ಕಳಿ. ಹೊಗೆ ಹೋಗಾಕೆ ಕಿಟಕಿ ಒಸಿ ದೊಡ್ಡದು ಮಾಡ್ಸಿ."

ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ್ನೇಯದಲ್ಲಿ ಗೋಡೆ ಒಡೆಯಬಾರದು ಎಂದರು ವಾಸ್ತುವಿನವರು. ಅದು ತನ್ನ ಕೆಲಸವಲ್ಲ, ಗಾರೆಯವನದು ಎಂದ ಮೇಸ್ತ್ರಿ. ಮುಂದಿನ ವರ್ಷ ರೇಟು ನೋಡಿಕೊಂಡು ಮಾಡೋಣ ಎಂದರು ಯಜಮಾನರು. ಆದರೂ ಹೆಣ್ಣುಮಗಳು ಬಾಯಿಬಿಟ್ಟು ಕೇಳಿದ್ದಾಳೆ, ಬರಿಗೈಯಲ್ಲಿ ಕಳಿಸಬಾರದೆಂದು, ಇದ್ದ ಚಿಕ್ಕ ಕಿಟಕಿಯ ಸರಳಿಗೆ ಬಿಳಿ ಎನಾಮೆಲ್ ಹೊಡೆಸಿಕೊಟ್ಟರು.