ಗಾಳಿಗೆ ದಾರಿ ಬಿಡಿ

ನವೆಂಬರ್ ಬಂತೆಂದರೆ ನ್ಯೂಜೆರ್ಸಿಯ ನಮ್ಮ ಬೀದಿಯಲ್ಲಿ ಬೇಲಿಗೆ ಕೈಯೂರಿ ಆಡುವ ಮಾತು ಒಂದೇ: ಯಾರ ಮನೆಯ ಯಾವ ಕೋಣೆ ಇನ್ನೂ ಬಿಸಿಯಾಗಿಲ್ಲ. ಇಲ್ಲಿರುವುದೆಲ್ಲ 1920ರ ಸುಮಾರಿನ ಮನೆಗಳು. ಬೇಸ್‌ಮೆಂಟಿನಲ್ಲಿ ಬಾಯ್ಲರು, ಕೋಣೆಗೊಂದು ಎರಕದ ಕಬ್ಬಿಣದ ರೇಡಿಯೇಟರು, ನಡುವೆ ಹಬೆಯ ಕೊಳವೆ. ಹೊಸ ಮನೆಯವರು ತಮ್ಮ ಬಿಸಿಗಾಳಿಯ ಫರ್ನೆಸ್ಸಿನ ಗುಣಗಾನ ಮಾಡುವಾಗ ನಮಗೆ ಸ್ವಲ್ಪ ಹೊಟ್ಟೆಯುರಿಯುವುದು ನಿಜ. ಆದರೆ ರೇಡಿಯೇಟರಿನ ಮೇಲೆ ಕಾಲುಚೀಲ ಒಣಗಿಸಿಕೊಳ್ಳುವ ಸುಖ ಅವರಿಗೇನು ಗೊತ್ತು!

ಪಕ್ಕದ ಮನೆ ಕೊಂಡವನು ಧಾರವಾಡದ ಕಡೆಯ ಹುಡುಗ. ಎಲೆ ಗುಡಿಸುತ್ತಿದ್ದವನು ನನ್ನನ್ನು ಕಂಡದ್ದೇ ಬೇಲಿಗೆ ಬಂದ.

“ಅಕ್ಕಾರ, ಹಾಲ್‌ನಾಗ ಬನಿಯನ್ ಮ್ಯಾಲ ಕುಂದರ್ತೀವಿ, ಮ್ಯಾಲಿನ ಖೋಲ್ಯಾಗ ಟೊಪಗಿ ಹಾಕ್ಕೊಂಡು ಮಲಗ್ತೀವ್ರಿ. ಪ್ಲಂಬರ್ ಬಂದು ನೋಡಿ, ಬಾಯ್ಲರ್ ಸಣ್ಣದೈತಿ, ದೊಡ್ಡದು ಹಾಕಬೇಕು ಅಂದಾನ.”

“ಸದ್ಯಕ್ಕೆ ಒಂದು ಡಾಲರೂ ಬಿಚ್ಚಬೇಡಪ್ಪಾ” ಅಂದೆ. ಹಾಲಿನಲ್ಲಿ ಬೆವರಿಳಿಯುತ್ತಿದೆ ಅಂದಮೇಲೆ ಬಾಯ್ಲರಿಗೆ ಶಕ್ತಿಯಿಲ್ಲ ಅನ್ನುವುದು ಹೇಗೆ? ಹಬೆಗೇನೂ ಕೊರತೆಯಿಲ್ಲ. ಮೇಲಿನ ಕೋಣೆಯ ರೇಡಿಯೇಟರಿನಲ್ಲಿ ಅದಕ್ಕೆ ಜಾಗವಿಲ್ಲ, ಅಷ್ಟೆ. ಅಲ್ಲಿ ತುಂಬಿಕೊಂಡಿರುವುದು ಗಾಳಿ.

ಬಾಯ್ಲರು ಆರಿದಾಗಲೆಲ್ಲ ಕೊಳವೆಗಳಲ್ಲೂ ರೇಡಿಯೇಟರುಗಳಲ್ಲೂ ಗಾಳಿ ಬಂದು ಕೂರುತ್ತದೆ. ಮತ್ತೆ ಹೊತ್ತಿಕೊಂಡಾಗ ನೀರು ಹಬೆಯಾಗಿ, ಸುಮಾರು 1,700 ಪಟ್ಟು ಹಿಗ್ಗಿ ಹೊರಡುತ್ತದೆ. ಎದುರಿಗಿರುವ ಗಾಳಿ ಹೊರಗೆ ಹೋಗದೆ ಅದು ಮುಂದೆ ಸರಿಯದು. ಕುಕ್ಕರಿನ ಮೂತಿಯಲ್ಲಿ ಹಬೆ ಸೀದಾ ಬರುವವರೆಗೂ ಕಾದು ಆಮೇಲೆ ವೆಯ್ಟ್ ಹಾಕು ಅಂತ ಅಮ್ಮಂದಿರು ಹೇಳಿಕೊಡುತ್ತಾರಲ್ಲ, ಅದೂ ಒಳಗಿನ ಗಾಳಿ ಮೊದಲು ಹೋಗಲಿ ಅಂತಲೇ.

“ಹಂಗಾರ ಪ್ರೆಶರ್ ಏರಿಸಿದ್ರ ಹಬಿ ಗಾಳೀನ ದಬ್ಬಿಕೊಂಡು ಹೋಗೂದಿಲ್ಲೇನ್ರಿ?”

ಈ ಬುದ್ಧಿ ಎಲ್ಲರಿಗೂ ಬರುತ್ತದೆ. ಬಾಯ್ಲರಿನ ಮೇಲಿರುವ ಪುಟ್ಟ ಡಬ್ಬಿಯ ಸ್ಕ್ರೂ ತಿರುಗಿಸಿ ಒತ್ತಡ ಏರಿಸಿ ಹೋದ ಪುಣ್ಯಾತ್ಮರು ನಮ್ಮ ಬೀದಿಯಲ್ಲಿ ಮನೆಗೊಬ್ಬರಿದ್ದಾರೆ. ಹೊರದಾರಿ ಇಲ್ಲದ ಗಾಳಿ ಒತ್ತಿದಷ್ಟೂ ಕುಗ್ಗಿ ಮೂಲೆಯಲ್ಲಿ ಕೂರುತ್ತದೆಯೇ ಹೊರತು ಜಾಗ ಖಾಲಿ ಮಾಡುವುದಿಲ್ಲ. ಬರುವುದು ಗ್ಯಾಸಿನ ಬಿಲ್ಲು ಮಾತ್ರ. ಕುಕ್ಕರಿನ ವೆಯ್ಟ್ ಏಳುವುದು ಚದರ ಅಂಗುಲಕ್ಕೆ ಸುಮಾರು 15 ಪೌಂಡ್ ಒತ್ತಡಕ್ಕೆ; ಮನೆಯ ಬಾಯ್ಲರು 2 ಪೌಂಡ್ ದಾಟಬೇಕಾಗಿಲ್ಲ. 102 ಅಂತಸ್ತಿನ ಎಂಪೈರ್ ಸ್ಟೇಟ್ ಕಟ್ಟಡವೇ ಅದರ ಆಸುಪಾಸಿನ ಒತ್ತಡದಲ್ಲಿ ಬೆಚ್ಚಗಿರುತ್ತದೆ ಎಂದು ಡ್ಯಾನ್ ಹೊಲೊಹನ್ ಹೇಳುತ್ತಲೇ ಬಂದಿದ್ದಾರೆ. ‘ದಿ ಲಾಸ್ಟ್ ಆರ್ಟ್ ಆಫ್ ಸ್ಟೀಮ್ ಹೀಟಿಂಗ್’ ಎಂಬ ಅವರ ಪುಸ್ತಕ ಬಂದದ್ದು 1992ರಲ್ಲಿ. ಹಬೆಯ ಮನೆ ಕೊಂಡವರು ಪ್ಲಂಬರನ್ನು ಕರೆಯುವ ಮೊದಲು ಅದನ್ನು ಓದುವುದು ಒಳ್ಳೆಯದು.

ಹುಡುಗನ ಮನೆಯದು ನಮ್ಮದರಂತೆಯೇ ಒಂಟಿ ಕೊಳವೆಯ ಏರ್ಪಾಟು. ಹಬೆ ಹತ್ತುವುದೂ ಅದರಲ್ಲೇ, ತಣಿದು ನೀರಾಗಿ ಇಳಿಯುವುದೂ ಅದರಲ್ಲೇ. ರೇಡಿಯೇಟರಿನ ಒಂದು ತುದಿಯಲ್ಲಿ ಕೊಳವೆ, ವಾಲ್ವ್. ಇನ್ನೊಂದು ತುದಿಯ ನಡುಮಟ್ಟದಲ್ಲಿ ಗುಂಡಗಿನ ವೆಂಟ್. ಗಾಳಿ ಹೋಗುವುದು ಈ ವೆಂಟಿನಿಂದ. ಹಬೆ ತಾಗಿದ ಕೂಡಲೇ ಅದು ತಾನಾಗಿ ಮುಚ್ಚಿಕೊಳ್ಳಬೇಕು. ಬಾಯ್ಲರು ಹೊತ್ತಿದಾಗ ಕಿವಿಗೊಟ್ಟರೆ ಸಣ್ಣಗೆ ಉಸ್ಸೆನ್ನುತ್ತದೆ. ಸದ್ದೇ ಇಲ್ಲದಿದ್ದರೆ ಕಟ್ಟಿಕೊಂಡಿದೆ. ಬಿಸಿಯಾದ ಮೇಲೂ ಹಬೆ ಉಗುಳುತ್ತಿದ್ದರೆ ಕೆಟ್ಟಿದೆ. ಬಾಯ್ಲರು ಆರಿಸಿ, ಎಲ್ಲ ಪೂರ್ತಿ ತಣ್ಣಗಾದ ಮೇಲೆ ವೆಂಟನ್ನು ತಿರುಪಿ ಬಿಚ್ಚಿ ಬಾಯಿಂದ ಊದಿ ನೋಡಿದರೆ ಸಂಶಯ ಉಳಿಯುವುದಿಲ್ಲ. ನೂರು ವರ್ಷದಲ್ಲಿ ಮನೆ ಕೊಂಡವರೆಲ್ಲ ಬಣ್ಣ ಬಳಿಯುತ್ತ ಬಂದು ಎಷ್ಟೋ ವೆಂಟುಗಳ ಮೂಗನ್ನೇ ಮುಚ್ಚಿಬಿಟ್ಟಿರುತ್ತಾರೆ. ರೇಡಿಯೇಟರಿಗೆ ಅಲ್ಯೂಮಿನಿಯಂ ಬೆಳ್ಳಿಬಣ್ಣ ಹೊಡೆದವರಂತೂ ಅದು ಕೊಡುವ ಬಿಸಿಯನ್ನೂ ಒಂದಿಷ್ಟು ಕಡಿಮೆ ಮಾಡಿದ್ದಾರೆ. ಚಂದ ಕಾಣಲಿ ಅಂತ!

ಆದರೆ ಕೋಣೆಯ ವೆಂಟಿಗಿಂತ ಮೊದಲು ನೋಡಬೇಕಾದ್ದು ಬೇಸ್‌ಮೆಂಟಿನಲ್ಲಿದೆ. ಸೂರಿನಡಿ ಹಾದುಹೋಗುವ ದಪ್ಪ ಕೊಳವೆಯ ಕೊನೆಯಲ್ಲಿ ದೊಡ್ಡದೊಂದು ವೆಂಟ್ ಇರುತ್ತದೆ. ತುಕ್ಕು ಹಿಡಿದಿರುತ್ತದೆ, ಇಲ್ಲವೇ ಯಾರೋ ಕಿತ್ತು ಬಿರಡೆ ಜಡಿದಿರುತ್ತಾರೆ. ಅದು ಕೆಲಸ ಮಾಡದಿದ್ದರೆ ಅಷ್ಟುದ್ದ ಕೊಳವೆಯ ಗಾಳಿಯೆಲ್ಲ ಕೋಣೆಗಳ ಪುಟ್ಟ ತೂತುಗಳಿಂದಲೇ ಹೋಗಬೇಕು. ಬಾಯ್ಲರಿಗೆ ಹತ್ತಿರದ ಹಾಲು ಬೇಗ ಬಿಸಿಯಾಗುತ್ತದೆ. ಥರ್ಮೋಸ್ಟ್ಯಾಟ್ ಇರುವುದೂ ಹಾಲಿನ ಗೋಡೆಯಲ್ಲೇ. ಅದು ಸಾಕು ಎಂದು ಬಾಯ್ಲರನ್ನು ಆರಿಸುವ ಹೊತ್ತಿಗೆ ಹಬೆ ಇನ್ನೂ ಮೆಟ್ಟಿಲ ಹತ್ತಿರ ಇರುತ್ತದೆ. ಹಾಗಾಗಿ ಮೊದಲು ಬೇಸ್‌ಮೆಂಟಿನ ವೆಂಟ್ ಹೊಸದಾಗಲಿ. ಆಮೇಲೆ ಹಾಲಿಗೆ ನಿಧಾನದ್ದು, ಮೇಲಿನ ಕೋಣೆಗೆ ಚುರುಕಿನದು ಹಾಕಿ ಹೊಂದಿಸಿಕೊಳ್ಳಬೇಕು.

“ರಾತ್ರಿ ಢಣ್ ಢಣ್ ಅಂತೈತಲ್ರೀ, ಅದಕ್ಕೇನು?” ಅಂದ. ಹಾಲ್ ಸೆಕೆ ತಾಳಲಾರದೆ ವಾಲ್ವನ್ನು ಅರ್ಧ ತಿರುಗಿಸಿದ್ದಾನೆ, ಮುಖ ನೋಡಿದರೇ ತಿಳಿಯುತ್ತಿತ್ತು. ಒಂಟಿ ಕೊಳವೆಯಲ್ಲಿ ವಾಲ್ವ್ ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಅರ್ಧ ತೆರೆದರೆ ಇಳಿಯುವ ನೀರಿಗೆ ದಾರಿ ಸಾಲದೆ ರೇಡಿಯೇಟರಿನಲ್ಲೇ ನಿಲ್ಲುತ್ತದೆ, ಬರುವ ಹಬೆ ಅದನ್ನು ಎತ್ತಿ ಬಡಿಯುತ್ತದೆ. ರೇಡಿಯೇಟರು ಕೊಳವೆಯ ಕಡೆಗೆ ಕೊಂಚ ವಾಲಿರಲೂ ಬೇಕು. ನೆಲ ಕುಸಿದು ಆ ವಾಟ ತಪ್ಪಿದ್ದರೆ ವೆಂಟಿನ ಕಡೆಯ ಕಾಲಿಗೆ ಮರದ ಚಕ್ಕೆ ಕೊಟ್ಟರೆ ಮುಗಿಯಿತು.

ಹಾಲಿನ ಸೆಕೆಗೆ ಇನ್ನೊಂದು ಕಥೆಯೂ ಇದೆ. 1918ರ ಫ್ಲೂ ಜ್ವರದ ಕಾಲದಲ್ಲಿ ಕಿಟಕಿ ತೆರೆದಿಟ್ಟೇ ಇರಬೇಕೆಂಬ ಮಾತು ಇಲ್ಲಿ ಬಲವಾಗಿತ್ತು. ಕೊರೆಯುವ ಚಳಿಯಲ್ಲಿ ಕಿಟಕಿ ತೆರೆದಿದ್ದರೂ ಬೆಚ್ಚಗಿರಲಿ ಎಂದು ಎಂಜಿನಿಯರುಗಳು ಲೆಕ್ಕ ಹಾಕಿ ದೊಡ್ಡ ದೊಡ್ಡ ರೇಡಿಯೇಟರುಗಳನ್ನು ಕೂರಿಸಿದರು. ಕಿಟಕಿ ಮುಚ್ಚಿಕೊಂಡು ಬೆವರುತ್ತಿರುವವರು ನಾವು.

ಬೇಸ್‌ಮೆಂಟಿನ ಕೊಳವೆಗೆ ಹೊದಿಕೆ ಇಲ್ಲದಿದ್ದರೆ ಹಬೆ ದಾರಿಯಲ್ಲೇ ತಣಿದು ನೀರಾಗುತ್ತದೆ, ಫೈಬರ್‌ಗ್ಲಾಸ್ ಸುತ್ತಿಸಬೇಕು. ಹಳೆಯ ಬಿಳಿ ಹೊದಿಕೆ ಇದ್ದರೆ ಕೈ ಹಚ್ಚಲೇಬೇಡ, ಕಲ್ನಾರು ಇರಬಹುದು, ಅದಕ್ಕೆ ಲೈಸೆನ್ಸ್ ಇರುವವರೇ ಬರಬೇಕು ಎಂದು ಗದರಿಸಿಯೇ ಹೇಳಿದೆ.

ಇಷ್ಟಾದ ಮೇಲೂ ಬಾಯ್ಲರು ಬದಲಿಸಲೇಬೇಕಾದರೆ ಒಂದು ಮಾತು, ಇದು ನಿಮಗೂ ಸೇರಿ. ಹಬೆಯ ಬಾಯ್ಲರಿನ ಅಳತೆ ಮನೆಯ ಚದರಡಿಯಿಂದ ಸಿಗುವುದಿಲ್ಲ. ಮನೆಯಲ್ಲಿರುವ ಅಷ್ಟೂ ರೇಡಿಯೇಟರುಗಳನ್ನು ತುಂಬುವಷ್ಟು ಹಬೆ ಎಷ್ಟು ಎಂಬ ಲೆಕ್ಕದಿಂದ ಸಿಗುತ್ತದೆ. ಪ್ರತಿ ಕೋಣೆಗೂ ಹೋಗಿ ಒಂದೊಂದು ರೇಡಿಯೇಟರನ್ನೂ ಅಳೆಯದೆ ಬೆಲೆ ಹೇಳುವ ಪ್ಲಂಬರಿಗೆ ಕಾಫಿ ಕೊಟ್ಟು ಕಳಿಸಿಬಿಡಿ.