ಖಾಸಗಿ ಪ್ರಸಾರಕ್ಕೆ ಮಾತ್ರ

ಬಡಾವಣೆಗೊಬ್ಬ ಸಂಪಾದಕರು ಇದ್ದೇ ಇರುತ್ತಾರೆ. ಮೈಸೂರಿನಲ್ಲಾದರೆ ಇಬ್ಬರು, ಮತ್ತು ಅವರಿಬ್ಬರಿಗೂ ಮಾತಿಲ್ಲ. ಬ್ಯಾಂಕು, ಎಲ್‌ಐಸಿ, ವಿದ್ಯುತ್ ಮಂಡಳಿ, ಕಾಲೇಜು, ಎಲ್ಲಿಂದಲೇ ನಿವೃತ್ತರಾಗಿರಲಿ, ಮೊದಲ ಪಿಂಚಣಿ ಖಾತೆಗೆ ಬಿದ್ದ ತಿಂಗಳೇ ಪತ್ರಿಕೆಯ ಮೊದಲ ಸಂಚಿಕೆ ಹೊರಬೀಳುತ್ತದೆ. ಮಾಸಿಕ, ನಾಲ್ಕು ಪುಟ. ಮೇಲೆ ‘ನ’ಕಾರದಲ್ಲಿ ಮುಗಿಯುವ ಒಂದು ಹೆಸರು, ಚಿಂತನವೋ ಸಿಂಚನವೋ. ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಖಾಸಗಿ ಪ್ರಸಾರಕ್ಕೆ ಮಾತ್ರ’. ಪಕ್ಕದಲ್ಲಿ ಸಂಪಾದಕರ ಭಾವಚಿತ್ರ. ಎಷ್ಟು ಸಂಪುಟ ಕಳೆದರೂ ಅದಕ್ಕೆ ವಯಸ್ಸಾಗುವುದಿಲ್ಲ.

ನಮ್ಮ ರಸ್ತೆಯವರು ಬ್ಯಾಂಕಿನಲ್ಲಿ ಆಡಿಟ್ ನೋಡುತ್ತಿದ್ದವರು. ಹಾಗಾಗಿ ಆ ಸಣ್ಣಕ್ಷರದ ಸಾಲು ವಿನಯದ್ದಲ್ಲ, ಕಾನೂನಿನದ್ದು. ಸಾರ್ವಜನಿಕರಿಗೆ ಮಾರುವ ನಿಯತಕಾಲಿಕಕ್ಕೆ ಶೀರ್ಷಿಕೆ ಮಂಜೂರಾಗಬೇಕು, ನೋಂದಣಿಯಾಗಬೇಕು. ನೋಂದಣಿಯಾದರೆ ಅಂಚೆಯಲ್ಲೂ ರಿಯಾಯಿತಿ ಸಿಗುತ್ತದೆ. ಇವರ ಹತ್ತಿರ ನೋಂದಣಿಯೂ ಇಲ್ಲ, ರಿಯಾಯಿತಿಯೂ ಇಲ್ಲ, ಕಾಯಿದೆಯ ಪ್ರತಿ ಮಾತ್ರ ಇದೆ. 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯಿದೆ ಹೋಗಿ ಹೊಸದು 2024ರ ಮಾರ್ಚ್ 1ರಂದು ಜಾರಿಗೆ ಬಂದಾಗ, ಹಳೆಯ ಕಾಯಿದೆಗೆ ನಾಲ್ಕನೇ ಪುಟದಲ್ಲಿ ಶ್ರದ್ಧಾಂಜಲಿ ಬರೆದವರು ದೇಶದಲ್ಲಿ ಬಹುಶಃ ಅವರೊಬ್ಬರೇ. ‘ಮೃತರು ಅಪಾರ ಕಲಂಗಳನ್ನು ಅಗಲಿದ್ದಾರೆ’ ಎಂದು ಮುಗಿಸಿದ್ದರು.

ವಂಶಾವಳಿಯ ವಿಚಾರದಲ್ಲಿ ಅವರಿಗೆ ಸಂಕೋಚವಿಲ್ಲ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ತೆಗೆದರಲ್ಲ, ಅಲ್ಲಿಂದ ನೇರವಾಗಿ ತಮ್ಮ ಮನೆಯ ವರಾಂಡಕ್ಕೆ ಬರುತ್ತಾರೆ. “ನೋಡಿ ಸಾರ್, ಅವರದು ಮಾರನೇ ವರ್ಷವೇ ಬಳ್ಳಾರಿಗೆ ಹೋಯ್ತು, ‘ಕನ್ನಡ ಸಮಾಚಾರ’ ಅಂತ ಹೆಸರೂ ಬದಲಾಯ್ತು. ನಾನು ಇಷ್ಟು ವರ್ಷದಲ್ಲಿ ಟೇಬಲ್ಲೂ ಬದಲಾಯಿಸಿಲ್ಲ.” ‘ಕೊರವಂಜಿ’ಯ ಮಾತು ಬಂದರೆ ದನಿ ತಗ್ಗಿಸುತ್ತಾರೆ. ವೈದ್ಯರಾಗಿದ್ದ ರಾಶಿಯವರು ರೋಗಿಗಳನ್ನೂ ನೋಡಿಕೊಂಡು 1942ರಿಂದ ಇಪ್ಪತ್ತೈದು ವರ್ಷ ಅದನ್ನು ನಡೆಸಿದರು ಎಂಬುದಕ್ಕೆ ಕೈಮುಗಿಯುತ್ತಾರೆ. “ಆದ್ರೆ ಅವರಿಗೆ ಆರ್.ಕೆ. ಲಕ್ಷ್ಮಣ್ ಚಿತ್ರ ಬರ್ಕೊಡ್ತಿದ್ರು. ನಂಗೆ ಮೊಮ್ಮಗಳು.” ಮೊಮ್ಮಗಳು ಬರೆಯುವುದು ಹೂಕುಂಡ. ಯುಗಾದಿಗೂ ಹೂಕುಂಡ, ಗಾಂಧಿ ಜಯಂತಿಗೂ ಹೂಕುಂಡ.

ಒಂದನೇ ತಾರೀಕು ಬೆಳಿಗ್ಗೆ ಹಾಲಿನವನ ಹಿಂದೆಯೇ ಸಂಪಾದಕರು ಗೇಟಿನ ಬಳಿ ಬರುತ್ತಾರೆ. ಕಾಂಪೌಂಡಿನೊಳಕ್ಕೆ ಎಸೆದು ಹೋಗುವ ಪೈಕಿಯಲ್ಲ. ಕೈಗೇ ಕೊಡಬೇಕು, ಕೊಟ್ಟು ಮುಖ ನೋಡಬೇಕು. ಐದನೇ ತಾರೀಕಿನಿಂದ “ಓದಿದ್ರಾ?” ಶುರು. ಪಾರ್ಕಿನಲ್ಲಿ ಎಲ್ಲರೂ ಬಲಸುತ್ತು ನಡೆದರೆ ಇವರು ಎಡಸುತ್ತು ಬರುವುದು ಇದಕ್ಕೇ. ಒಂದು ಸುತ್ತಿಗೆ ಪ್ರತಿಯೊಬ್ಬರೂ ಎರಡು ಸಲ ಎದುರು ಸಿಗುತ್ತಾರೆ.

ಇದಕ್ಕೆ ಬಡಾವಣೆಯವರು ಉತ್ತರಗಳನ್ನು ಸಿದ್ಧ ಮಾಡಿಕೊಂಡಿದ್ದಾರೆ. “ಶುರು ಮಾಡಿದ್ದೀನಿ ಸಾರ್” ಎನ್ನುವುದು ಹೊಸದಾಗಿ ಬಾಡಿಗೆಗೆ ಬಂದವರ ಉತ್ತರ. ಅದರಲ್ಲಿ ಅಪಾಯವಿದೆ, ಎಲ್ಲಿವರೆಗೆ ಬಂದಿದ್ದೀರಿ ಎಂದು ಕೇಳುತ್ತಾರೆ. “ನಮ್ಮನೆಯವ್ರು ಹಿಡ್ಕೊಂಡು ಕೂತವ್ರೆ, ನಂಗೆ ಕೊಡ್ತಾನೇ ಇಲ್ಲ” ಎಂದ ಸಂಸಾರಸ್ಥರೊಬ್ಬರಿದ್ದಾರೆ. ಸಂಜೆ ಸೊಪ್ಪಿನ ಗಾಡಿಯ ಹತ್ತಿರ ಆ ಮನೆಯವರನ್ನೇ ಹಿಡಿದು ವಿಚಾರಿಸಲಾಯಿತು. ಪಳಗಿದವರ ಉತ್ತರ ಒಂದೇ: “ಈ ಸಲದ ಸಂಪಾದಕೀಯ ಬಹಳ ಹರಿತವಾಗಿತ್ತು.” ಸಂಪಾದಕೀಯ ಯಾವಾಗಲೂ ಇದ್ದೇ ಇರುವುದರಿಂದ ಇದು ಸುಭದ್ರ. ಒಮ್ಮೆ ಮಾತ್ರ ಅವರು ಚಿಕೂನ್‌ಗುನ್ಯಾ ಬಂದು ಮಲಗಿ, ಆ ಜಾಗದಲ್ಲಿ ‘ಅನಾರೋಗ್ಯದ ನಿಮಿತ್ತ ಈ ತಿಂಗಳು ಸಂಪಾದಕೀಯ ಇರುವುದಿಲ್ಲ’ ಎಂದಷ್ಟೇ ಹಾಕಿದ್ದರು. ಅದನ್ನು ಮೂವರು ಹೊಗಳಿದರು. ಒಬ್ಬರಂತೂ “ಇಷ್ಟು ನೇರವಾಗಿ ಬರೆಯೋ ಎದೆಗಾರಿಕೆ ನಿಮಗೊಬ್ಬರಿಗೇ ಸಾರ್” ಎಂದರಂತೆ. ಸಂಪಾದಕರು ಸಿಟ್ಟಾಗಲಿಲ್ಲ. ಮನೆಗೆ ಹೋಗಿ ಟಿಪ್ಪಣಿ ಪುಸ್ತಕ ತೆರೆದು ಬರೆದುಕೊಂಡರು: ‘ಪಾಠ: ಚುಟುಕಾಗಿ ಬರೆದರೆ ಪರಿಣಾಮ ಹೆಚ್ಚು.’

ಈ ಟಿಪ್ಪಣಿ ಪುಸ್ತಕ ಅವರ ಜೀವಾಳ. ಆಡಿಟ್ ಕಾಲದ ಅಭ್ಯಾಸ; ತಪ್ಪು ಕಂಡರೆ ಕೆಂಪು ಶಾಯಿ, ಪಾಠ ಕಂಡರೆ ಹಸಿರು. ನಗರದ ಒಂದು ಸಂಘದ ವಾರ್ಷಿಕೋತ್ಸವದ ವರದಿಯಲ್ಲಿ ಡಿಟಿಪಿ ಹುಡುಗಿಯ ಬೆರಳು ಜಾರಿ ‘ಅಧ್ಯಕ್ಷೀಯ ಭಾಷಣ’ದ ಬದಲು ‘ಅಧ್ಯಕ್ಷೀಯ ಭೀಷಣ ಒಂದೂವರೆ ಗಂಟೆ ನಡೆಯಿತು’ ಎಂದಾಯಿತು. ಆ ದಿನ ಬಂದಷ್ಟು ಫೋನು ಪತ್ರಿಕೆಯ ಇತಿಹಾಸದಲ್ಲೇ ಬಂದಿಲ್ಲ. ಸಭೆಯಲ್ಲಿ ಕೂತಿದ್ದವರೆಲ್ಲ ಮುದ್ರಣದೋಷ ಎಂದು ಒಪ್ಪಲು ತಯಾರಿರಲಿಲ್ಲ. ಹಸಿರು ಶಾಯಿಯಲ್ಲಿ ‘ಪಾಠ: ತಪ್ಪು ಹುಡುಕುವುದಕ್ಕಾದರೂ ಓದುತ್ತಾರೆ.’ ಅಂದಿನಿಂದ ಸಂಚಿಕೆಗೊಂದು ದೋಷ ತಪ್ಪದೆ ಇರುತ್ತದೆ. ಬೇಕೆಂದೇ ಬಿಡುತ್ತಾರೆ ಎನ್ನುವುದು ನನ್ನ ಗುಮಾನಿ. ಕನ್ನಡಕದ ನಂಬರು ಬದಲಾಗಿದೆ, ಹೇಳಿದರೆ ಕೇಳುವುದಿಲ್ಲ ಎನ್ನುವುದು ಅವರ ಮನೆಯವರ ವಾದ.

ಒಳಪುಟಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮಂಡಿನೋವಿಗೆ ನುಗ್ಗೆಸೊಪ್ಪು, ಸ್ವೀಕರಿಸಿದ ಪುಸ್ತಕಗಳು, ‘ಓರ್ವ ಅಭಿಮಾನಿ’ ಬರೆದ ಓದುಗರ ಓಲೆ (ಅಭಿಮಾನಿಯ ಕೈಬರಹವನ್ನು ಡಿಟಿಪಿ ಹುಡುಗಿ ಗುರುತಿಸುತ್ತಾಳೆ), ಮತ್ತು ಅಮೆರಿಕ ಪ್ರವಾಸ ಕಥನ. ಮಗಳು ಅಳಿಯ ನ್ಯೂಜೆರ್ಸಿಯಲ್ಲಿದ್ದಾರೆ. ಇವರು ಹೋಗಿ ಆರು ತಿಂಗಳು ಇದ್ದು ಬಂದರು. ಹನ್ನೊಂದನೇ ಕಂತಿನಲ್ಲೂ ಕಥನ ವಲಸೆ ತಪಾಸಣೆಯ ಸಾಲಿನಲ್ಲೇ ನಿಂತಿತ್ತು.

ಆ ಮಗಳಿಗೇ ಮೊದಲ ಸಲ ಸಂಚಿಕೆಯನ್ನು ಇ-ಮೇಲಿನಲ್ಲಿ ಕಳಿಸಿದ್ದು. ‘ನುಡಿ’ ತಂತ್ರಾಂಶದಲ್ಲಿ ಟೈಪಾದ ಕಡತ. ಅಲ್ಲಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ. ತೆರೆದರೆ ತಲೆಯ ಮೇಲೆ ಟೋಪಿ, ಚುಕ್ಕಿ, ಕೊಂಬು ಹೊತ್ತ ಯುರೋಪಿನ ಅಕ್ಷರಗಳು ಸಾಲುಸಾಲಾಗಿ ನಿಂತಿದ್ದವು. ಅಳಿಯ ಅದನ್ನೇ ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿ ಫೋಟೋ ಕಳಿಸಿದ. ಪತ್ರಿಕೆ ಅನುವಾದವಾಗಿದೆ ಎಂದು ಸಂಪಾದಕರು ಎರಡು ದಿನ ಬಹಳ ಸಂತೋಷದಲ್ಲಿದ್ದರು.

ಆಮೇಲೆ ಪಿಡಿಎಫ್ ಬಂತು, ವಾಟ್ಸಾಪ್ ಬಂತು. ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ 256 ಜನರನ್ನು ಸೇರಿಸಬಹುದು ಎಂದು ತಿಳಿದ ಸಂಜೆಯೇ ಹಳೆಯ ಡೈರಿಗಳನ್ನು ಹರಡಿಕೊಂಡು ಕೂತು ಪಟ್ಟಿ ಭರ್ತಿ ಮಾಡಿದರು. ಅದರಲ್ಲಿ ಬ್ಯಾಂಕಿನ ಸಾಲ ತೀರಿಸದವರೂ ಇದ್ದರು. ಆದರೆ ಆ ವ್ಯವಸ್ಥೆಯಲ್ಲಿ ಒಂದು ಸೂಕ್ಷ್ಮವಿದೆ. ಪಡೆಯುವವರು ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡಿದ್ದರೆ ಮಾತ್ರ ಸಂದೇಶ ಅವರಿಗೆ ಮುಟ್ಟುತ್ತದೆ. ಕಳಿಸಿದವರು ಸಂದೇಶವನ್ನು ಒತ್ತಿ ಹಿಡಿದು ವಿವರ ನೋಡಿದರೆ ಯಾರಿಗೆ ತಲುಪಿದೆ, ಯಾರು ಓದಿದ್ದಾರೆ ಎಂದು ಹೆಸರು ಸಮೇತ ತೋರಿಸುತ್ತದೆ. ಆಡಿಟರಿಗೆ ಇದಕ್ಕಿಂತ ಇನ್ನೇನು ಬೇಕು? ಸ್ಕೇಲು ಹಿಡಿದು ಹೆಸರು ಹೆಸರನ್ನೂ ತಾಳೆ ನೋಡಿದರು. ಸೊಸೈಟಿ ಕಾರ್ಯದರ್ಶಿಗೆ ಮುಟ್ಟಿಲ್ಲ. ಸಕ್ಕರೆ ಕಾಯಿಲೆ ನೋಡುವ ಡಾಕ್ಟರಿಗೆ ಮುಟ್ಟಿಲ್ಲ. ಸಾಲ ತೀರಿಸದವರೆಲ್ಲರಿಗೂ ಮುಟ್ಟಿದೆ. ಯಾರ ಫೋನನ್ನು ಎತ್ತಬಾರದು ಎಂದು ಗೊತ್ತಿರಬೇಕಲ್ಲ. ಮುಟ್ಟದವರ ಪಟ್ಟಿಯ ಕೊನೆಯಲ್ಲಿ ಅಳಿಯನ ಹೆಸರಿತ್ತು.

“ಇದನ್ನ ಮಾತ್ರ ಸಂಪಾದಕೀಯ ಮಾಡ್ಬೇಡಿ, ನಿಮ್ಮ ದಮ್ಮಯ್ಯ” ಎಂದರು ಮನೆಯವರು. ಮಾಡಲಿಲ್ಲ. ಹಸಿರು ಶಾಯಿಯಲ್ಲೂ ಬರೆಯಲಿಲ್ಲ. ಹನ್ನೆರಡನೇ ಕಂತಿನಲ್ಲಿ ಕಥನ ಕೊನೆಗೂ ವಿಮಾನ ನಿಲ್ದಾಣದಿಂದ ಹೊರಬಿತ್ತು. ಹೊರಗೆ ಮಗಳು ಕಾದಿದ್ದಳು. ‘ನಂತರ ಕಾರನ್ನು ಓಡಿಸಲಾಯಿತು’ ಎಂದಿದೆ. ಓಡಿಸಿದವರ ಹೆಸರಿಲ್ಲ.

ಹೋದ ಜುಲೈ 1ಕ್ಕೆ, ಪತ್ರಿಕಾ ದಿನಾಚರಣೆಯ ಅಂಗವಾಗಿ, ‘ಪತ್ರಿಕೆ ಕಲಿಸಿದ ಪಾಠಗಳು’ ಎಂಬ ವಿಶೇಷ ಸಂಚಿಕೆ ಬಂತು. ಟಿಪ್ಪಣಿ ಪುಸ್ತಕ ಪೂರ್ತಿ ಅಚ್ಚಾಯಿತು. ಚುಟುಕಾಗಿ ಬರೆಯಬೇಕು ಎಂಬ ಪಾಠಕ್ಕೇ ಎರಡು ಪುಟ. ಓದುಗರ ಪರವಾಗಿ ಒಂದು ಲೇಖನ ನನ್ನಿಂದ ಬೇಕು ಎಂದರು. “ಹೊಗಳಿಕೆ ಬೇಡ ಸಾರ್, ನಿರ್ದಾಕ್ಷಿಣ್ಯವಾಗಿ ಬರೀರಿ. ನಾನು ಕತ್ತರಿ ಹಾಕೋನಲ್ಲ.” ಮಾತಿನ ಮೇಲೆ ಭರವಸೆಯಿಟ್ಟು ಮೂರು ಪುಟ ಬರೆದು ಕೊಟ್ಟೆ. ಹೂಕುಂಡದ ವಿಷಯವನ್ನೂ ಬಿಟ್ಟಿರಲಿಲ್ಲ. ಅದರಲ್ಲಿ ಒಂದು ಕಡೆ, ‘ಈ ಪತ್ರಿಕೆಯನ್ನು ಒಮ್ಮೆ ಕೈಗೆತ್ತಿಕೊಂಡರೆ ಕೆಳಗಿಡಲು ಸಾಧ್ಯವೇ ಇಲ್ಲ, ಏಕೆಂದರೆ ಸಂಪಾದಕರು ಗೇಟಿನ ಬಳಿ ನೋಡುತ್ತಾ ನಿಂತಿರುತ್ತಾರೆ’ ಎಂದು ಬರೆದಿದ್ದೆ.

ನಾಲ್ಕನೇ ಪುಟದಲ್ಲಿ ನನ್ನ ಹೆಸರು ದಪ್ಪಕ್ಷರದಲ್ಲಿ ಬಂತು. ಅದರ ಕೆಳಗೆ ಒಂದೇ ಸಾಲು: ‘ಈ ಪತ್ರಿಕೆಯನ್ನು ಒಮ್ಮೆ ಕೈಗೆತ್ತಿಕೊಂಡರೆ ಕೆಳಗಿಡಲು ಸಾಧ್ಯವೇ ಇಲ್ಲ.’ ಆಮೇಲೆ ಕಂಸದಲ್ಲಿ, ಸ್ಥಳಾಭಾವದಿಂದ ಸಂಕ್ಷಿಪ್ತಗೊಳಿಸಿದೆ, ಸಂ. ಉಳಿದ ಮುಕ್ಕಾಲು ಪುಟ ಹೂಕುಂಡ.